ತಣ್ಣಗಿದ್ದಾಗ ಬಡಿಯುವ ಪಿಸ್ಟನ್

ಜೋಗುಪಾಳ್ಯದ ಬಸಣ್ಣನ ಅಂಗಡಿಗೆ ಬೋರ್ಡ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ ಅನ್ನಿ. ಹಲಸೂರಿನ ಯಾವ ಟೆಂಪೊ ಡ್ರೈವರನ್ನು ಕೇಳಿದರೂ, "ಸೌಂಡ್ ಬರದೇ ಇರೋ ಎಂಜಿನ್ ಬಸಣ್ಣನಾ? ಹಂಗೇ ಒಳಗೆ ಹೋಗಿ, ಟೀ ಅಂಗಡಿ ಪಕ್ಕ" ಎಂದು ಕೈ ತೋರಿಸುತ್ತಿದ್ದ. ಸವೆದ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆದು, ಉಜ್ಜಿ, ನುಣುಪು ಮಾಡಿ, ಅದರೊಳಗೆ ಹೊಸ ಪಿಸ್ಟನ್ ಕೂರಿಸಿ ಕೊಡುವುದು ಅವನ ಕಸುಬು. ಕೇಳುವುದಕ್ಕೆ ಸುಲಭ. ಆದರೆ ಮೇಲೆ ಕೆಳಗೆ ಓಡಾಡುವ ಆ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದರಲ್ಲೇ ಇದ್ದದ್ದು ಎಲ್ಲಾ. ಕಡಿಮೆ ಬಿಟ್ಟರೆ ಬಿಸಿಗೆ ಉಬ್ಬಿದ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ನಿಂತೇಬಿಡುತ್ತದೆ. ಜಾಸ್ತಿ ಬಿಟ್ಟರೆ ಟಕಟಕ ಎಂದು ಗೋಡೆಗೆ ಬಡಿದುಕೊಳ್ಳುತ್ತದೆ. ಬಸಣ್ಣನ ಎಂಜಿನ್ನುಗಳು ಬಡಿದುಕೊಂಡದ್ದನ್ನು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಈ ವಿದ್ಯೆ ಅವನಿಗೆ ಬಂದದ್ದು ಶಿವಾಜಿನಗರದ ಅಹ್ಮದ್ ಪಾಷಾ ಅವರಿಂದ. ತೊಂಬತ್ತರ ಸುಮಾರಿಗೆ ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದ ಬಸಣ್ಣ, ಒಂದು ದಿನ ಪಾಷಾ ಅವರ ಅಂಗಡಿಯ ನೆಲಕ್ಕೆ ಸಿಮೆಂಟು ಬಳಿಯಲು ಹೋದವನು ಅಲ್ಲೇ ಉಳಿದುಬಿಟ್ಟ. ನೆಲ ಮಟ್ಟಸವಾಗಿದೆಯೋ ಇಲ್ಲವೋ ಎಂದು ಅವನು ಅಂಗೈಯಲ್ಲಿ ಸವರಿ ನೋಡಿದ್ದನ್ನು ಕಂಡು ಪಾಷಾ, "ಲೇ, ಈ ಕೈ ಸಿಮೆಂಟಲ್ಲಿ ಹಾಳಾಗ್ಬಾರದು, ನಾಳೆಯಿಂದ ಇಲ್ಲಿಗೇ ಬಾ" ಅಂದರಂತೆ. ಅಂದರಂತೆ ಅಷ್ಟೆ. ಅದಾದ ಮೇಲೆ ಆ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಹೊರಟದ್ದಿಲ್ಲ. ಕೆಲಸ ಕೆಟ್ಟರೆ ಬೈಗುಳ, ಕೆಲಸ ಚೆನ್ನಾದರೆ ಮೌನ. ಮೌನ ಸಿಕ್ಕಿದರೆ ಬಸಣ್ಣನಿಗೆ ಅವತ್ತು ಹಬ್ಬ.

ಪಾಷಾ ಅವರದ್ದು ಒಂದು ಪದ್ಧತಿ ಇತ್ತು. ಕಟ್ಟಿ ಮುಗಿಸಿದ ಎಂಜಿನ್ನನ್ನು ಗಿರಾಕಿಗೆ ಸಂಜೆ ಕೊಡುತ್ತಿರಲಿಲ್ಲ. ರಾತ್ರಿಯೆಲ್ಲಾ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಎಲ್ಲರೆದುರಿಗೆ ಸ್ಟಾರ್ಟ್ ಮಾಡಿಸುತ್ತಿದ್ದರು. ಬಿಸಿ ಎಂಜಿನ್ನಿನ ಮಾತು ನಂಬಬಾರದು, ತಣ್ಣಗಿದ್ದಾಗ ಸುಮ್ಮನಿರುವುದೇ ಎಂಜಿನ್ನು ಎಂಬುದು ಅವರ ಸಿದ್ಧಾಂತ. ಅಕ್ಕಪಕ್ಕದ ಟೈರಿನವನು, ಬ್ಯಾಟರಿಯವನು, ಟೀ ಅಂಗಡಿಯವನು ಎಲ್ಲರೂ ಬಂದು ನಿಂತು ಕೇಳುತ್ತಿದ್ದರು. ಪಾಷಾ ಮಾತ್ರ ಎಂಜಿನ್ನಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ವಯಸ್ಸಾಗಿ, ಕೈ ನಡುಗಲು ಶುರುವಾಗಿ, ಅವರು ಅಂಗಡಿ ಮುಚ್ಚಿ ಸಿಲಿಂಡರ್ ಕೊರೆಯುವ ಬೋರಿಂಗ್ ಮೆಷೀನನ್ನು ಬಸಣ್ಣನ ಜೋಗುಪಾಳ್ಯದ ಶೆಡ್ಡಿಗೆ ಸಾಗಿಸಿದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಬೆಳಿಗ್ಗೆ ಶಿವಾಜಿನಗರದಿಂದ ಬಸ್ಸಿನಲ್ಲಿ ಬಂದು, ಬಸಣ್ಣನ ಎಂಜಿನ್ನಿಗೆ ಬೆನ್ನು ಮಾಡಿ ಕೂತು, ಕೇಳಿ, ಚಹಾ ಕುಡಿದು, ಏನೂ ಹೇಳದೆ ಹೋಗುತ್ತಿದ್ದರು.

"ನಿಮ್ಮ ಉಸ್ತಾದ್ರು ಅದೇನ್ ಕೇಳಾಕ ಬರ್ತಾರ್ರೀ ದಿನಾ? ಸದ್ದೇ ಇಲ್ಲದ್ದನ್ನ ಕೇಳೂದಂದ್ರ ಹ್ಯಾಂಗ?" ಎಂದು ಹೆಂಡತಿ ಜಟ್ಟೆಮ್ಮ ಚೇಷ್ಟೆ ಮಾಡುವಳು. ಬಸಣ್ಣ ನಗುತ್ತಿದ್ದ. ಆದರೆ ಒಳಗೊಳಗೆ ಅವನಿಗೊಂದು ಆಸೆ ಇತ್ತು, ಅದನ್ನು ಮುಚ್ಚಿಡುವುದೇಕೆ? ಒಂದೇ ಒಂದು ಸಲ ಉಸ್ತಾದರ ಬಾಯಲ್ಲಿ ಶಾಬಾಶ್ ಅನ್ನಿಸಿಕೊಳ್ಳಬೇಕು ಎನ್ನುವ ಆಸೆ. ತಲೆಯಲ್ಲಿ ಬಿಳಿಕೂದಲು ಬಂದ ಮನುಷ್ಯನಿಗೆ ಇಂಥ ಆಸೆಯೇ ಅಂದರೆ ಹೌದು, ಇತ್ತು.

ಎರಡು ಸಾವಿರದ ಐದರಲ್ಲಿ ಪಾಷಾ ಅವರ ಮಗ ಸಕ್ಲೇನ್ ಒಂದು ಬೆಳ್ಳಿ ಬಣ್ಣದ ಎಸ್ಟೀಮ್ ಕಾರನ್ನು ಟೋಯಿಂಗ್ ಗಾಡಿಯ ಮೇಲೆ ಹಾಕಿಕೊಂಡು ಅಂಗಡಿಗೆ ಬಂದ. ಸಕ್ಲೇನ್‌ಗೆ ಫ್ರೇಜರ್ ಟೌನಿನಲ್ಲಿ ಅಲಾಯ್ ವೀಲುಗಳ ಅಂಗಡಿ. ಅಪ್ಪನಿಗೆ ಎಂಜಿನ್ ಸುಮ್ಮನಿರಬೇಕು, ಮಗನಿಗೆ ಎಂಜಿನ್ ಹಾರಬೇಕು. ಊರಾಚೆಯ ಒಂದು ಏರ್‌ಸ್ಟ್ರಿಪ್ಪಿನಲ್ಲಿ ಆಗಾಗ ನಡೆಯುತ್ತಿದ್ದ ನೇರ ಓಟದ ಡ್ರ್ಯಾಗ್ ರೇಸಿಗಾಗಿ ಅವನು ಆ ಕಾರಿಗೆ ಟರ್ಬೊ ಹಾಕಿಸಿದ್ದ. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸದಲ್ಲೇ ತಿರುಗಿ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ. ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಶಕ್ತಿ ಹೆಚ್ಚು. ಎಂಜಿನ್ ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ಅಂಚು, ರಿಂಗು ಕೂರುವ ಜಾಗದಲ್ಲೇ ಬಿಸ್ಕತ್ತಿನ ಹಾಗೆ ಮುರಿದು ಬಿದ್ದಿತ್ತು.

"ಕಂಪನಿ ಪಿಸ್ಟನ್ನಪ್ಪಾ ಇದು, ಎರಕ ಹೊಯ್ದಿರೋದು. ಆಫೀಸಿಗೆ ಹೋಗಿ ಬರೋಕೆ ಮಾಡಿದ್ದು. ಇದರ ತಲೆ ಮೇಲೆ ನೀನು ಬಾಂಬ್ ಹಾಕಿದ್ರೆ ಎಷ್ಟು ದಿನ ತಡ್ಕೊಳ್ಳುತ್ತೆ?" ಎಂದ ಬಸಣ್ಣ.

"ಅದಕ್ಕೇ ಅಲ್ವಾ ಅಣ್ಣ ನಿನ್ ಹತ್ರ ಬಂದಿರೋದು! ದುಬೈಲಿ ನಮ್ ಚಾಚಾನ ಮಗ ಇದಾನೆ. ಯಾವ ಪಿಸ್ಟನ್ ಬೇಕು ಹೇಳು, ಮುಂದಿನ ತಿಂಗಳು ಬರ್ತಾ ತರ್ತಾನೆ" ಎಂದು ಸಕ್ಲೇನ್ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ್ದ ಒಂದಷ್ಟು ಹಾಳೆಗಳನ್ನು ಹರವಿದ.

ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ವಾರ ತಲೆ ಕೆಡಿಸಿಕೊಂಡರು. ಎರಕದ್ದು ಬೇಡವೇ ಬೇಡ, ಲೋಹವನ್ನು ಒತ್ತಿ ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನೇ ಬೇಕು ಎನ್ನುವಲ್ಲಿಗೆ ಮೊದಲ ದಿನವೇ ಮುಟ್ಟಿದರು. ಆದರೆ ಅದರಲ್ಲೂ ಎರಡು ಜಾತಿ. ಒಂದರಲ್ಲಿ ಸಿಲಿಕಾನ್ ಹೆಚ್ಚು. ಅದು ಬಿಸಿಗೆ ಅಷ್ಟಾಗಿ ಉಬ್ಬುವುದಿಲ್ಲ, ಹಾಗಾಗಿ ಬಿಗಿಯಾಗಿ ಕೂರಿಸಬಹುದು, ಸದ್ದೂ ಇಲ್ಲ. ಆದರೆ ಸ್ವಲ್ಪ ಪೆಡಸು, ಒಳಗೆ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟವಾದರೆ ಬಿರುಕು ಬಿಟ್ಟೀತು. ಇನ್ನೊಂದರಲ್ಲಿ ಸಿಲಿಕಾನ್ ಕಡಿಮೆ. ಏಟು ಬಿದ್ದರೆ ಒಡೆಯದೆ ತಾಳಿಕೊಳ್ಳುತ್ತದೆ, ಆದರೆ ಬಿಸಿಗೆ ಚೆನ್ನಾಗಿ ಉಬ್ಬುತ್ತದೆ. ಅದಕ್ಕೆ ಜಾಗ ಧಾರಾಳವಾಗಿ ಬಿಡಬೇಕು, ಬಿಟ್ಟರೆ ತಣ್ಣಗಿದ್ದಾಗ ಬಡಿಯುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.

ಸಕ್ಲೇನ್ ಮೊದಲನೆಯದರ ಕಡೆಗೇ ವಾಲಿದ್ದ. "ನಮ್ ಅಬ್ಬಾ ಬಂದು ಬೆನ್ನು ಮಾಡಿ ಕೂತ್ಕೋತಾರೆ ಅಣ್ಣ. ಟಕ ಟಕ ಅಂದ್ರೆ ನಿನ್ನೂ ಬಿಡಲ್ಲ, ನನ್ನೂ ಬಿಡಲ್ಲ."

"ನಿಂಗೆ ಎಷ್ಟು ಬೂಸ್ಟ್ ಬೇಕು? ಟರ್ಬೊ ಎಷ್ಟು ಗಾಳಿ ಒತ್ಬೇಕು?" ಬಸಣ್ಣ ಕೇಳಿದ.

"ಎಷ್ಟು ತಡೆಯುತ್ತೋ ಅಷ್ಟು."

"ಹಂಗಾದ್ರೆ ಎರಡನೇದೇ. ನೀನು ಆಸೆಬುರುಕ, ಇವತ್ತಿಷ್ಟು ಅಂತೀಯ, ನಾಳೆ ಇನ್ನೊಂಚೂರು ತಿರುಗಿಸ್ತೀಯ. ಒಡೆದು ಚೂರಾಗೋದಕ್ಕಿಂತ ಸದ್ದು ಮಾಡೋದು ವಾಸಿ. ಪಿಸ್ಟನ್ ತಲೆ ಮೇಲೆ ತಟ್ಟೆ ಥರ ಗುಳಿ ಇರೋದನ್ನೇ ತರಿಸು, ಒಳಗೆ ಒತ್ತಡ ಕಮ್ಮಿ ಆಗ್ಲಿ."

ನೋಡಿ, ಆಯ್ಕೆಯಲ್ಲಿ ಬಸಣ್ಣ ಒಂದಿಷ್ಟೂ ತಪ್ಪಲಿಲ್ಲ. ಅದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಡೆದದ್ದಕ್ಕೆ ಎಷ್ಟೋ ಜನ ಪಿಸ್ಟನ್ನನ್ನೇ ಬೈದರು.

ದುಬೈಯಿಂದ ಡಬ್ಬಿ ಬಂತು. ಅದರೊಳಗಿನ ಚೀಟಿಯಲ್ಲಿ ಜಾಗ ಎಷ್ಟು ಬಿಡಬೇಕೆಂದು ಬರೆದಿತ್ತು, ಮೂರೂವರೆ ಥೌ. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲೊಂದು ಭಾಗಕ್ಕೆ ಥೌ ಎನ್ನುತ್ತಾರೆ. ಪಾಷಾ ಅವರ ಕೈಕೆಳಗೆ ಬಸಣ್ಣ ಕಲಿತದ್ದು ಒಂದೂವರೆ. ಸಕ್ಲೇನ್ ಓದಿ ಹೇಳಿದಾಗ ಬಸಣ್ಣ ಹುಬ್ಬೇರಿಸಿದ. "ಮೂರೂವರೆನಾ? ಅಷ್ಟು ಬಿಟ್ರೆ ಓಣಿ ನಾಯಿಗಳೆಲ್ಲಾ ಎದ್ದು ಓಡ್ತವೆ ಕಣೋ!" ಎಂದು ನಕ್ಕ. ಆದರೆ ಅವನಿಗೆ ಗೊತ್ತಿತ್ತು, ಬೇಕು ಎಂದು. ಅವನೇ ತಾನೆ ಆರಿಸಿದ್ದು?

ಸಿಲಿಂಡರುಗಳನ್ನು ಉಜ್ಜುವ ದಿನ ಅವನ ಮನಸ್ಸಿನಲ್ಲಿ ಕೂತಿದ್ದದ್ದು ಚೀಟಿಯಲ್ಲ, ಬೆನ್ನು ತಿರುಗಿಸಿ ಕೂತ ಉಸ್ತಾದರು. ಅದೂ ಯಾರ ಎಂಜಿನ್ನು? ಅವರ ಮಗನದ್ದೇ. ಎಲ್ಲ ಎಂಜಿನ್ನುಗಳನ್ನೂ ಸುಮ್ಮನಾಗಿಸಿ, ಉಸ್ತಾದರ ಮಗನದ್ದನ್ನು ಮಾತ್ರ ಬಡಿದುಕೊಳ್ಳಲು ಬಿಡುವುದೇ? ಓಣಿಯವರೆಲ್ಲಾ ಏನಂದಾರು? ಎರಡು ಥೌ ಆಗುವ ಹೊತ್ತಿಗೆ ಜಾಗ ಅಳೆಯುವ ತೆಳು ಉಕ್ಕಿನ ಪಟ್ಟಿ ಇಳಿಸಿ ಪಿಸ್ಟನ್ ಎಳೆದು ನೋಡಿದ. ಕೈಗೆ ಹಿತವಾದ ಬಿಗಿ ಸಿಕ್ಕಿತು. ಇದುವರೆಗೆ ಆ ಬಿಗಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಇನ್ನು ಸ್ವಲ್ಪ ಉಜ್ಜಬೇಕು ಎಂದುಕೊಂಡ, ಉಜ್ಜಲಿಲ್ಲ. ಕಂಪನಿಯವರು ಹೆದರಿಕೆಗೆ ಒಂದಿಷ್ಟು ಸೇರಿಸಿಯೇ ಬರೆದಿರುತ್ತಾರೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎಂಜಿನ್ ಮುಚ್ಚಿದ.

ಬೆಳಿಗ್ಗೆ ಓಣಿಯೆಲ್ಲಾ ಸೇರಿತು. ಪಾಷಾ ಬೆನ್ನು ತಿರುಗಿಸಿ ಕೂತರು. ಸಕ್ಲೇನ್ ಕೀ ತಿರುಗಿಸಿದ. ಎಂಜಿನ್ನು ಒಂದು ಸಲ ಕೆಮ್ಮಿ ಹತ್ತಿಕೊಂಡಿತು, ಅಷ್ಟೆ. ಟರ್ಬೊದ ಸಣ್ಣ ಸಿಳ್ಳು ಬಿಟ್ಟರೆ ಏನೂ ಇಲ್ಲ. ಟೀ ಅಂಗಡಿಯವನು, "ಏನ್ ಗುರು, ಸ್ಟಾರ್ಟ್ ಆಗಿದ್ಯಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಪಾಷಾ ಕಣ್ಣು ತೆರೆದರು. ಎದ್ದು ಬಂದು ಬಸಣ್ಣನ ಬೆನ್ನ ಮೇಲೆ ಕೈ ಇಟ್ಟು, "ಶಾಬಾಶ್, ಬೇಟಾ" ಎಂದರು.

ಬಸಣ್ಣನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲಾ ಕಪ್ಪು ಮಾಡಿಕೊಂಡ. ಮನೆಗೆ ಹೋಗಿ ಜಟ್ಟೆಮ್ಮನಿಗೆ ಹೇಳಿದರೆ ಅವಳು, "ಅಯ್ಯ, ಇಷ್ಟ್ ದಿನಕ್ಕ ಅಂದ್ರು? ಹಂಗಾರ ಹೋಳಿಗಿ ಮಾಡ್ತೀನಿ ತಡೀರಿ" ಎಂದು ನಿಜವಾಗಿಯೂ ಬೇಳೆ ನೆನೆಹಾಕಿದಳು.

ಅದಾದ ಭಾನುವಾರ ರೇಸು. ಸಕ್ಲೇನ್ ಎರಡು ಓಟ ಚೆನ್ನಾಗಿಯೇ ಓಡಿದ. ಮೂರನೆಯದರಲ್ಲಿ, ಓಟದ ದಾರಿಯ ಕೊನೆಯ ಭಾಗದಲ್ಲಿ ಕಾರು ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿತು. ಎಂಜಿನ್ನೇ ಕಚ್ಚಿಕೊಂಡಿತ್ತು. ಮುಂದಿನ ಚಕ್ರಗಳು ಬಿಗಿದುಕೊಂಡು ಕಾರು ಅಡ್ಡಡ್ಡ ಜಾರಿ, ಅಂಚಿಗೆ ಪೇರಿಸಿಟ್ಟಿದ್ದ ಹಳೆಯ ಟೈರುಗಳ ರಾಶಿಗೆ ಹೋಗಿ ಗುದ್ದಿತು. ಬಸಣ್ಣ ಬೇಲಿಯ ಹತ್ತಿರ ನಿಂತಿದ್ದ. ಓಡಿದ. ಸಕ್ಲೇನ್ ತಾನೇ ಬಾಗಿಲು ತೆಗೆದುಕೊಂಡು ಇಳಿದ, ಬಲಗೈ ಹಿಡಿದುಕೊಂಡಿದ್ದ. ಮಣಿಕಟ್ಟಿನ ಮೂಳೆ ಮುರಿದಿತ್ತು, ಅಷ್ಟಕ್ಕೇ ಮುಗಿಯಿತು. ಟೈರಿನ ರಾಶಿಯ ಆಚೆ ಇದ್ದದ್ದು ಕಲ್ಲಿನ ಕಾಂಪೌಂಡು ಗೋಡೆ.

ಎಂಜಿನ್ ಬಿಚ್ಚಿದಾಗ ಪಿಸ್ಟನ್ನುಗಳ ಮೈಯ ಎರಡೂ ಕಡೆ ಉದ್ದುದ್ದ ಗೀರುಗಳು. ಉಬ್ಬಿದ ಲೋಹ ಜಾಗ ಸಾಲದೆ ಗೋಡೆಗೆ ಉಜ್ಜಿ, ಕರಗಿ, ಅಂಟಿಕೊಂಡ ಗುರುತು. ಬಸಣ್ಣನಿಗೆ ಇದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಟೈರಿನವನು ಬಂದು ನೋಡಿ, "ದುಬೈದು ಡೂಪ್ಲಿಕೇಟ್ ಇರ್ಬೇಕು" ಅಂದ. ಬ್ಯಾಟರಿಯವನು, "ಆಯಿಲ್ ಸರಿ ಹಾಕಿರಲ್ಲ" ಅಂದ. ಬಸಣ್ಣ ಪಿಸ್ಟನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಇಟ್ಟುಬಿಡುತ್ತಿದ್ದ. "ಯಾಕ್ರೀ, ಯಾರರ ಏನರ ಅಂದ್ರೇನು?" ಎಂದು ಜಟ್ಟೆಮ್ಮ ಕೇಳಿದರೆ, "ಯಾರೂ ಏನೂ ಅನ್ನವಲ್ರು, ಅದಕ್ಕ" ಎಂದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಸಕ್ಲೇನ್ ಅಂಗಡಿಗೆ ಬಂದ ದಿನ ಬಸಣ್ಣ ಶಟರನ್ನು ಅರ್ಧ ಎಳೆದು, ಅವನನ್ನು ಕೂರಿಸಿ, ಹೇಳಿಬಿಟ್ಟ. "ನಂದೇ ತಪ್ಪು ಕಣಪ್ಪಾ. ಮೂರೂವರೆ ಬಿಡ್ಬೇಕಿತ್ತು, ಎರಡೇ ಬಿಟ್ಟೆ."

ಸಕ್ಲೇನ್ ಗೀರು ಬಿದ್ದ ಪಿಸ್ಟನ್ನನ್ನು ಎಡಗೈಯಲ್ಲಿ ಎತ್ತಿಕೊಂಡು ನೋಡಿದ. ಅವನಿಗೆ ಕೋಪ ಬಂದಿತ್ತು, ಬರದೆ ಇರುತ್ತದೆಯೇ? "ಓದಿ ಹೇಳಿದ್ನಲ್ಲ ಅಣ್ಣ! ನಾನೇ ಓದಿ ಹೇಳಿದ್ನಲ್ಲ!" ಎಂದ. ಆಮೇಲೆ ತಾನೇ ತಣ್ಣಗಾಗಿ, "ಯಾಕೆ ಅಂತ ಕೇಳಲ್ಲ ಬಿಡು, ಗೊತ್ತಾಯ್ತು. ಆದ್ರೆ ಅಬ್ಬಾಗೆ ಹೇಳ್ಬೇಡ. ಅವರು ಸುಮ್ನೆ ಒಳಗೇ ಕೊರಗ್ತಾರೆ" ಎಂದ.

ಮತ್ತೆ ಡಬ್ಬಿ ಬಂತು, ಅದೇ ಜಾತಿಯ ಪಿಸ್ಟನ್ನು, ಗೀರು ಬಿದ್ದ ಸಿಲಿಂಡರನ್ನು ಮತ್ತೆ ಕೊರೆಯಬೇಕಾದ್ದರಿಂದ ಒಂದು ಸೈಜು ದೊಡ್ಡದು. ಇನ್ನೊಂದು ಜಾತಿಯದನ್ನು ತರಿಸಬಹುದಿತ್ತು. ಬಿಗಿಯಾಗಿ ಕೂರುತ್ತಿತ್ತು, ಸದ್ದೂ ಇರುತ್ತಿರಲಿಲ್ಲ, ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಸಕ್ಲೇನ್ ಅದನ್ನೇ ಸೂಚಿಸಿದ ಕೂಡ. ಬಸಣ್ಣ ಒಪ್ಪಲಿಲ್ಲ. "ಪಿಸ್ಟನ್ನು ಸರಿಯಾಗೇ ಇತ್ತು. ಸರಿ ಇರೋದನ್ನ ಯಾಕೆ ಬದಲಾಯಿಸೋದು?" ಎಂದ. ಈ ಸಲ ಮೂರೂವರೆಗೆ ಬರುವ ತನಕ ಉಜ್ಜಿದ. ಪಟ್ಟಿ ಇಟ್ಟು ಎಳೆದರೆ ಪಿಸ್ಟನ್ನು ಸಲೀಸಾಗಿ ಜಾರಿ ಬಂತು. ಅವನ ಕೈಗೆ ಅದು ಅಸಹ್ಯವಾಯಿತು. ಕೆಟ್ಟ ಕೆಲಸ, ಕೆಟ್ಟ ಕೆಲಸ ಎಂದು ಬೆರಳುಗಳೇ ಹೇಳುತ್ತಿದ್ದವು. ಹಲ್ಲು ಕಚ್ಚಿ ಜೋಡಿಸಿದ.

ಉಸ್ತಾದರನ್ನು ಕರೆಯದೆ, ಸಂಜೆ ಬಿಸಿ ಎಂಜಿನ್ನನ್ನೇ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ಕೇಳಬಹುದು. ಅದೂ ಅವನಿಗೆ ಹೊಳೆದಿತ್ತು. ಆದರೆ ತಾನೇ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಸ್ಟಾರ್ಟ್ ಇದೆ ಉಸ್ತಾದ್, ಬನ್ನಿ" ಎಂದ.

ಬೆಳಿಗ್ಗೆ ಓಣಿ ಸೇರಿತು. ಪಾಷಾ ಬೆನ್ನು ಮಾಡಿ ಕೂತರು. ಸಕ್ಲೇನ್ ಎಡಗೈಯಲ್ಲಿ ಕೀ ತಿರುಗಿಸಿದ.

ಟಕ ಟಕ ಟಕ ಟಕ. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಟೈರಿನವನು ಬ್ಯಾಟರಿಯವನ ಮುಖ ನೋಡಿದ. ಯಾರೋ ಹಿಂದಿನಿಂದ, "ಏನ್ ಮಗಾ, ಡೀಸೆಲ್ ಹಾಕ್ಬಿಟ್ಟಿದಾರಾ?" ಎಂದು ಕೇಳಿ ಕಿಸಕ್ಕನೆ ನಕ್ಕರು. ಬಸಣ್ಣನ ಕಿವಿ ಕೆಂಪಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಕದಲದೆ ನಿಂತ.

ಪಾಷಾ ಕಣ್ಣು ತೆರೆದು ನಿಧಾನಕ್ಕೆ ತಿರುಗಿದರು. "ಇದೇನೋ ಬಸಣ್ಣ ಇದು?"

"ಪಿಸ್ಟನ್ ಉಸ್ತಾದ್. ತಣ್ಣಗಿದೆ, ಅದಕ್ಕೆ ಬಡೀತಿದೆ."

"ಅದು ನಂಗೂ ಕೇಳಿಸ್ತಾ ಇದೆ. ಎಷ್ಟು ಬಿಟ್ಟಿದೀಯ?"

"ಮೂರೂವರೆ."

"ಮೂರೂವರೆ?" ಪಾಷಾ ಎದ್ದು ನಿಂತರು. "ಯಾರು ಹೇಳಿದ್ದು ನಿಂಗೆ?"

"ಡಬ್ಬೀಲೇ ಬರೆದಿತ್ತು. ಬಿಸಿಗೆ ಜಾಸ್ತಿ ಉಬ್ಬೋ ಪಿಸ್ಟನ್ ಇದು. ಹೋದ ಸಲದ ಡಬ್ಬೀಲೂ ಅಷ್ಟೇ ಬರೆದಿತ್ತು ಉಸ್ತಾದ್."

ಸಕ್ಲೇನ್ ಕಾರಿನೊಳಗಿಂದ, "ಅಣ್ಣಾ, ಬಿಡು" ಎಂದ. ಬಸಣ್ಣ ಬಿಡಲಿಲ್ಲ.

"ಹೋದ ಸಲ ಎಷ್ಟು ಬಿಟ್ಟಿದ್ದೆ?" ಪಾಷಾ ಕೇಳಿದರು.

"ಎರಡು."

"ಬರೆದಿದ್ದು ಗೊತ್ತಿದ್ದೂ?"

"ಗೊತ್ತಿದ್ದೂ."

"ಯಾಕೋ?" ಪಾಷಾ ಅವರ ದನಿ ಏರಿತು. ಬೈಗುಳ ಬಾಯಿತನಕ ಬಂದಿತ್ತು, ಅದು ಎಲ್ಲರಿಗೂ ಗೊತ್ತಾಗುವ ಹಾಗಿತ್ತು. "ನನ್ ಮಗ ಕೂತಿದ್ನಲ್ಲೋ ಅದರೊಳಗೆ! ಯಾಕೆ ಬಿಗಿ ಮಾಡ್ದೆ?"

ಬಸಣ್ಣ ಅವರ ಮುಖ ನೋಡಿದ. "ನೀವು ಇಲ್ಲಿ ಕೂತಿರ್ತೀರಲ್ಲ ಉಸ್ತಾದ್, ಅದಕ್ಕೆ" ಎಂದ.

ಪಾಷಾ ಬೈಯಲಿಲ್ಲ. ಬಾಯಿತನಕ ಬಂದದ್ದು ಅಲ್ಲೇ ನಿಂತಿತು. ಮಗನ ಕೈಯ ಪ್ಲಾಸ್ಟರನ್ನು ನೋಡಿದರು, ಬಸಣ್ಣನನ್ನು ನೋಡಿದರು, ಮತ್ತೆ ಕೂತುಕೊಂಡರು, ಈ ಸಲ ಎಂಜಿನ್ನಿನ ಕಡೆ ಮುಖ ಮಾಡಿ. ಅಷ್ಟರಲ್ಲಿ ಎಂಜಿನ್ನು ಬಿಸಿಯೇರುತ್ತಾ ಬಂದಿತ್ತು. ಬಡಿತ ತೆಳ್ಳಗಾಗಿ, ಆಗೊಮ್ಮೆ ಈಗೊಮ್ಮೆ ಆಗಿ, ಕೊನೆಗೆ ನಿಂತೇ ಹೋಯಿತು. ಓಣಿಯವರು ಆಗಲೇ ಚದುರಿದ್ದರು. ಪಾಷಾ ಮಾತ್ರ ಪೂರ್ತಿ ಕೇಳಿದರು. ಆಮೇಲೆ ಚಹಾವನ್ನೂ ಕುಡಿಯದೆ ಬಸ್ಸಿಗೆ ಹೊರಟರು.

ಆ ಎಂಜಿನ್ನು ಎರಡು ಸೀಸನ್ ಓಡಿತು. ಸಕ್ಲೇನ್ ಬೂಸ್ಟ್ ತಿರುಗಿಸುತ್ತಲೇ ಹೋದ, ಪಿಸ್ಟನ್ನು ತಾಳಿಕೊಳ್ಳುತ್ತಲೇ ಹೋಯಿತು. ಕೋರಮಂಗಲ, ಕೆ.ಆರ್. ಪುರದ ಕಡೆಯಿಂದೆಲ್ಲಾ ಟರ್ಬೊ ಹಾಕಿಸಿದ ಹುಡುಗರು ಜೋಗುಪಾಳ್ಯ ಹುಡುಕಿಕೊಂಡು ಬರತೊಡಗಿದರು. ಬೆಳಿಗ್ಗೆ ಹೊತ್ತು ಓಣಿಯಲ್ಲಿ ಟಕಟಕ ಕೇಳುವುದು ಮಾಮೂಲಾಯಿತು. ಹಳೆಯ ಟೆಂಪೊದವರು ಕೆಲವರು ಮೂಗು ಮುರಿದು ಬೇರೆ ಕಡೆ ಹೋದರು, ಹೋಗಲಿ.

ಪಾಷಾ ಮಾತ್ರ ಬೆಳಿಗ್ಗೆ ಬರುವುದನ್ನು ಬಿಟ್ಟರು. ಸಿಟ್ಟಿನಿಂದಲ್ಲ. ವಾರಕ್ಕೊಮ್ಮೆ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಚಹಾ ಕುಡಿದು, ಮೊಮ್ಮಗಳು ಮಾಹಿರಾಳ ಸ್ಕೂಲು, ಶಿವಾಜಿನಗರದ ಟ್ರಾಫಿಕ್ಕು, ಮಂಡಿನೋವು, ಎಲ್ಲಾ ಮಾತಾಡಿ ಹೋಗುತ್ತಿದ್ದರು. ಎಂಜಿನ್ನಿನ ಮಾತೇ ಎತ್ತುತ್ತಿರಲಿಲ್ಲ. ಬಸಣ್ಣನಿಗೆ ಅದು ತಡೆಯಲಿಕ್ಕಾಗಲಿಲ್ಲ. ಎರಡು ಏಟು ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದು ಜಟ್ಟೆಮ್ಮನ ಮುಂದೆ ಹೇಳಿಕೊಂಡ. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟ.

"ನಾಳೆ ಒಂದು ಅಂಬಾಸಿಡರ್ ಸ್ಟಾರ್ಟ್ ಇದೆ ಉಸ್ತಾದ್. ಮಾಮೂಲಿ ಪಿಸ್ಟನ್ನೇ, ಒಂದೂವರೇನೇ ಬಿಟ್ಟಿದೀನಿ. ಸದ್ದು ಬರಲ್ಲ. ಬನ್ನಿ."

"ಬೇಡಪ್ಪಾ" ಎಂದರು ಪಾಷಾ.

"ನನ್ ಮೇಲೆ ಸಿಟ್ಟಾ?"

"ಸಿಟ್ಯಾಕೆ? ನೀನು ನಿಜ ಹೇಳ್ದೆ." ಪಾಷಾ ಗ್ಲಾಸು ಕೆಳಗಿಟ್ಟು ಮಂಡಿ ಹಿಡಿದು ಎದ್ದರು. "ನಾನು ಕೂತಿದ್ರೆ ನಿನ್ ಕೈ ನನ್ ಮಾತು ಕೇಳುತ್ತೆ ಬಸಣ್ಣ. ಅಷ್ಟು ವರ್ಷ ಬೈದು ಬೈದು ನಾನೇ ಹಂಗೆ ಮಾಡಿಟ್ಟಿದೀನಿ."

ಬಸಣ್ಣ ಬಸ್ ಸ್ಟಾಪಿನ ತನಕ ಜೊತೆಗೆ ನಡೆದ. ಶಿವಾಜಿನಗರದ ಬಸ್ಸು ಬಂದು, ಉಸ್ತಾದರು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು ಕೂರುವವರೆಗೂ ನಿಂತಿದ್ದ. ಅಂಗಡಿಗೆ ವಾಪಸು ಬಂದವನು ಶಟರ್ ಕೆಳಗೆಳೆದು, ಒಳಗೆ ಕೂತು, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟ.